ಚಿನ್ನದ ಕಣವೂ ಜೀವದ ಕಣವೂ

(ಉಪನ್ಯಾಸ)



ಬೆರೆತುದನ್ನು ಬೇರೆಮಾಡುವುದು ಮನುಷ್ಯನು ಕಲಿತ ವಿದ್ಯೆಗಳಲ್ಲಿ ಬಹು ಹಳೆಯದು. ಧಾನ್ಯವು ಹೊಲದಿಂದ ಬಂದು ಎಲೆಯ ಮೇಲೆ ಅನ್ನವಾಗಿ ಬೀಳುವುದರೊಳಗಾಗಿ ಎಷ್ಟು ಸಲ ಈ ವಿದ್ಯೆಗೆ ಒಳಪಡುವುದೆಂಬುದನ್ನು ಯೋಚಿಸಿದರೆ ಆಶ್ಚರ್ಯವಾಗುವುದು. ಸುಗ್ಗಿಯಲ್ಲಿ ಗಾಳಿಗೆ ತೂರುವರು. ಹೊಟ್ಟು ಹಾರಿ ಕಾಳು ನಿಲ್ಲುವುದು. ಮನೆಯಲ್ಲಿ ಮೊರದಿಂದ ಕೇರುವರು. ತೌಡು ಮುಂದಕ್ಕೆ ಸರಿದು ಅಕ್ಕಿ ಹಿಂದುಳಿಯುವುದು. ಜರಡಿ ಹಿಡಿಯುವರು, ನುಚ್ಚು ಇಳಿದು ಇಡಿಯ ಕಾಳು ಉಳಿಯುವುದು. ನೀರಿನಲ್ಲಿ ಜಾಲಿಸುವರು, ಕಲ್ಲು ತಳದಲ್ಲಿ ನಿಂತು ಅಕ್ಕಿ ನೀರಿನೊಡನೆ ಬರುವುದು. ಇಷ್ಟಾದ ಮೇಲೂ ಉಳಿದುದನ್ನು ಕಣ್ಣಿನಿಂದ ನೋಡಿ ಕೈಯಿಂದ ಆರಿಸುವರು.

ಈ ಎಲ್ಲ ಕ್ರಮಗಳ ಒಳಗುಟ್ಟು ಒಂದೇ. ಬೆರೆತಿರುವ ವಸ್ತುಗಳಲ್ಲಿ ಯಾವುದಾದರೊಂದು ಭೇದವಿರಬೇಕು. ಆ ಭೇದವು ಪ್ರಕಟವಾಗುವಂಥ ಒಂದು ಚಲನೆಯನ್ನು ಅವುಗಳಿಗೆ ಕೊಡಬೇಕು. ತೂಕದ ಭೇದಕ್ಕೆ ಗಾಳಿ ಅಥವಾ ನೀರು, ಗಾತ್ರದ ಭೇದಕ್ಕೆ ಜರಡಿಯ ಕಣ್ಣು, ಬಣ್ಣದ ಭೇದಕ್ಕೆ ಮನುಷ್ಯನ ಕಣ್ಣು. ಭೇದವು ದೊಡ್ಡದಾಗಿದ್ದರೆ ಕೆಲಸವು ಸುಲಭ. ಭೇದವು ಕಿರಿದಾದಷ್ಟೂ ಕೈಯು ಮೃದುವಾಗಬೇಕು. ಕೇರಲು ಬಾರದವರು ಮೊರವನ್ನು ರಭಸದಿಂದ ಬೀಸಿ ಕಾಳನ್ನೂ ಅಂಗಳಕ್ಕೆ ಚೆಲ್ಲುವುದನ್ನು ಎಲ್ಲರೂ ಬಲ್ಲರು.

ಇದೇ ವಿದ್ಯೆಯನ್ನು ಈಗಿನ ವಿಜ್ಞಾನಿಗಳು ಪ್ರಾಣಿಗಳ ಶರೀರದಲ್ಲಿರುವ ಜೀವಕಣಗಳಿಗೆ, ಎಂದರೆ ಜೀವಕೋಶಗಳಿಗೆ, ಅನ್ವಯಿಸಿರುವರು. ಕೂದಲಿನಷ್ಟು ಸಪುರವಾದ ನಾಲೆಗಳಲ್ಲಿ ಜೀವಕಣಗಳನ್ನು ಒಂದೊಂದಾಗಿ ಹರಿಯಗೊಟ್ಟು, ಬೇಕಾದುದನ್ನು ಬೇಡವಾದುದರಿಂದ ಬೇರ್ಪಡಿಸಿ, ಜೀವಂತವಾಗಿಯೇ ಕೈಗೆ ತೆಗೆದುಕೊಳ್ಳುವ ಈ ಶಾಸ್ತ್ರವನ್ನು ಮೈಕ್ರೋಫ್ಲೂಯಿಡಿಕ್ಸ್ ಎಂದು ಕರೆಯುವರು. ಇದರ ಕಷ್ಟವೇನು, ಸಾರ್ಥಕ್ಯವೇನು ಎಂಬುದನ್ನು ತಿಳಿಯುವುದಕ್ಕೆ ಮೊದಲು ಕೋಲಾರ ಜಿಲ್ಲೆಯ ಊರಿಗಾಂ ಎಂಬ ಸ್ಥಳದ ಕಡೆಗೆ ದೃಷ್ಟಿಯನ್ನು ಹರಿಸುವುದು ಯುಕ್ತ. ಏಕೆಂದರೆ, ಕಣವನ್ನು ಕಣದಿಂದ ಬೇರ್ಪಡಿಸುವ ಕೆಲಸವು ಅಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ನಡೆದಿರುವುದು. ಅದರ ಫಲವನ್ನೂ ಅದರ ಬೆಲೆಯನ್ನೂ ಆ ಊರು ಅರಿತಷ್ಟು ಬೇರೆ ಊರು ಅರಿತಿಲ್ಲ.

ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ 1894ರಲ್ಲಿ ಹಾಕಿದ ರೈಲುದಾರಿಯ ಮೇಲೆ ಊರಿಗಾಂ ನಿಲ್ದಾಣವಿರುವುದು. ರೈಲು ಬರುವುದಕ್ಕೆ ಬಹು ಹಿಂದೆ, 1802ರಲ್ಲಿ, ಮೈಸೂರು ಸೀಮೆಯ ಮೋಜಣಿಯಲ್ಲಿ ನಿಯುಕ್ತನಾಗಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಎಂಬಾತನು ಊರಿಗಾಂ ಮಾರಿಕುಪ್ಪಗಳ ಸುತ್ತಿನಲ್ಲಿ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಂಡು ಬರೆದಿಟ್ಟನು. ಅವರಲ್ಲಿದ್ದ ಉಪಕರಣಗಳು ಮರದ ಹಲಗೆ, ನೀರು, ನುರಿತ ಕೈ, ಇಷ್ಟೇ. ಗದಗ ಜಿಲ್ಲೆಯ ಕಪ್ಪತಗುಡ್ಡದ ಹಳ್ಳಗಳಲ್ಲಿಯೂ ಇದೇ ಕೆಲಸವನ್ನು ಮಾಡುತ್ತಿದ್ದವರುಂಟು. ಅವರಿಗೆ ಜಾಲಗಾರರೆಂದು ಹೆಸರು. ಚಿನ್ನವು ನೀರಿಗಿಂತ 19 ಪಟ್ಟಿಗೂ ಮಿಗಿಲಾಗಿ ಭಾರ. ಅದು ಹುದುಗಿರುವ ಬೆಣಚುಕಲ್ಲು ನೀರಿನ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಒಂದಕ್ಕೊಂದಕ್ಕೆ ಏಳು ಪಟ್ಟು ವ್ಯತ್ಯಾಸ. ಆದುದರಿಂದ ಹಲಗೆಯನ್ನು ನೀರಿನಲ್ಲಿ ಅಲುಗಿಸಿದರೆ ಮಣ್ಣು ಹರಿದುಹೋಗಿ ಚಿನ್ನವು ನಿಲ್ಲುತ್ತಿದ್ದಿತು.

1880ರಿಂದೀಚೆಗೆ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪೆನಿಯ ಆಡಳಿತದಲ್ಲಿ ಗಣಿಗಳು ಆಳಕ್ಕೆ ಇಳಿದವು. ಬಂಡೆಯನ್ನು ಸಿಡಿಮದ್ದಿನಿಂದ ಒಡೆದು, ಮೇಲಕ್ಕೆ ತಂದು, ಕಬ್ಬಿಣದ ಒನಕೆಗಳಿಂದ ಕುಟ್ಟಿ, ಹಿಟ್ಟು ಮಾಡಿ, ನೀರಿನೊಡನೆ ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸುತ್ತಿದ್ದರು; ಪಾದರಸವು ಚಿನ್ನವನ್ನು ಹಿಡಿದುಕೊಳ್ಳುತ್ತಿದ್ದಿತು. ಹಾಗೂ ತಪ್ಪಿಸಿಕೊಂಡ ಚಿನ್ನವನ್ನು ಸಯನೈಡಿನ ದ್ರಾವಣದಲ್ಲಿ ಕರಗಿಸಿ ತೆಗೆಯುತ್ತಿದ್ದರು. ಈ ಗಣಿಯ ಯಂತ್ರಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ತೊಂಬತ್ತು ಮೈಲಿಗೂ ಹೆಚ್ಚು ದೂರ ತಂತಿಯನ್ನೆಳೆದು ವಿದ್ಯುಚ್ಛಕ್ತಿಯನ್ನು ತಂದರು. ಗಣಿಗಳು ಮೂರು ಕಿಲೋಮೀಟರಿಗಿಂತಲೂ ಕೆಳಕ್ಕೆ ಹೋದವು. 2001ರ ಫೆಬ್ರವರಿ 28ರಂದು ಅವು ಮುಚ್ಚುವ ಪರ್ಯಂತ ಸುಮಾರು 120 ವರ್ಷಗಳಲ್ಲಿ ಐದು ಕೋಟಿ ಟನ್ನಿನಷ್ಟು ಅದಿರನ್ನು ಅರೆದು ಸುಮಾರು 800 ಟನ್ ಚಿನ್ನವನ್ನು ತೆಗೆದರು. ಟನ್ನೊಂದಕ್ಕೆ ಸರಾಸರಿ ಹದಿನಾರು ಗ್ರಾಮಿನಷ್ಟು, ಎಂದರೆ ಅರವತ್ತು ಸಾವಿರದಲ್ಲಿ ಒಂದು ಪಾಲು. ಉಳಿದ ಪಾಲು ಇಂದಿಗೂ ಸಯನೈಡ್ ದಿಬ್ಬಗಳಾಗಿ ಆ ಊರುಗಳ ನಡುವೆ ನಿಂತಿರುವುದು. ಗಾಳಿಯ ದಿನಗಳಲ್ಲಿ ಅದರ ಧೂಳು ಮನೆಗಳಿಗೆ ಬರುವುದು.

ಇದು ಬಲದಿಂದ ಬೇರ್ಪಡಿಸುವ ಕ್ರಮ. ಚಿನ್ನವನ್ನು ಕುಟ್ಟಿದರೂ, ಕಾಯಿಸಿದರೂ, ವಿಷದಲ್ಲಿ ಕರಗಿಸಿದರೂ ಅದು ಚಿನ್ನವಾಗಿಯೇ ಹೊರಬರುವುದು. ಅದಕ್ಕೆ ನೋವಿಲ್ಲ, ಮರಣವಿಲ್ಲ. ಆದರೆ ನೋವೂ ಮರಣವೂ ಉಳ್ಳ ಇನ್ನೊಂದು ಕಣವು ಅದೇ ಗಣಿಯಲ್ಲಿ ಇದ್ದಿತು. ಅದು ಕೆಲಸಗಾರನ ಎದೆಯೊಳಗಿನ ಜೀವಕಣ.

ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಬೆಣಚುಕಲ್ಲನ್ನು ಕೊರೆಯುವಾಗ ಏಳುವ ಧೂಳಿನಲ್ಲಿ ದಪ್ಪನಾದುದು ಮೂಗಿನಲ್ಲಿಯೂ ಗಂಟಲಿನಲ್ಲಿಯೂ ನಿಂತುಬಿಡುವುದು. ಐದು ಮೈಕ್ರಾನಿಗಿಂತ ಕಿರಿದಾದುದು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೂ ಇಳಿಯುವುದು. ಶರೀರವೇ ಒಂದು ಜರಡಿಯಾಗಿರುವಾಗ ಜರಡಿಯ ಕಣ್ಣಿಗಿಂತ ಕಿರಿದಾದ ಶತ್ರುವು ಒಳಹೊಕ್ಕಂತಾಯಿತು. ಗಾಳಿಗೂಡುಗಳಲ್ಲಿ ಕಾವಲು ಜೀವಕಣಗಳಿರುವುವು. ಒಳಬಂದ ಕ್ರಿಮಿಯನ್ನೂ ಕಸವನ್ನೂ ನುಂಗಿ ಜೀರ್ಣಿಸುವುದು ಅವುಗಳ ಧರ್ಮ. ಅವು ಸಿಲಿಕಾ ಧೂಳನ್ನೂ ನುಂಗುವುವು. ಆದರೆ ಅದನ್ನು ಜೀರ್ಣಿಸಲಾರವು. ನುಂಗಿದ ಹರಳು ಒಳಗಿನ ಪಾಚಕ ಚೀಲವನ್ನು ಒಡೆಯುವುದು. ಕಾವಲು ಕಣವು ಸಾಯುವುದು. ಹರಳು ಹಾಗೆಯೇ ಹೊರಬೀಳುವುದು. ಅದನ್ನು ಮತ್ತೊಂದು ಕಾವಲು ಕಣ ನುಂಗುವುದು. ಈ ಕಲಹವು ನಿಲ್ಲದೆ ನಡೆದು, ಮೃದುವಾದ ಶ್ವಾಸಕೋಶದಲ್ಲಿ ಗಾಯದ ಕಲೆಯಂಥ ಗಂಟುಗಳು ಬೆಳೆದು, ಉಸಿರು ಕುಗ್ಗುವುದು. ಇದೇ ಸಿಲಿಕೋಸಿಸ್ ರೋಗ. ಇದರ ಬೆನ್ನಿಗೆ ಕ್ಷಯವೂ ಸುಲಭವಾಗಿ ಬಂದು ಸೇರುವುದು.

1940ರಲ್ಲಿ ಮೈಸೂರು ಸಂಸ್ಥಾನವು ಈ ರೋಗಕ್ಕೆ ಸಂಬಂಧಿಸಿದ ನಿಯಮಗಳನ್ನು ಮಾಡಿತು. 1940ರಿಂದ 1946ರ ವರೆಗೆ ಕೋಲಾರದ ಗಣಿಗಳಲ್ಲಿ 7,653 ಮಂದಿ ಕೆಲಸಗಾರರನ್ನು ಪರೀಕ್ಷಿಸಲಾಗಿ, ನೂರಕ್ಕೆ ನಲವತ್ತು ಮಂದಿಗಿಂತ ಹೆಚ್ಚಿನವರಲ್ಲಿ ಈ ರೋಗವು ಕಂಡುಬಂದಿತು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ಪ್ರಕಟವಾಗಿ ವರದಿಯಾದುದು ಇಲ್ಲಿಂದಲೇ, 1947ರಲ್ಲಿ. ಆಗಿನ ವೈದ್ಯರಿಗೆ ಇದ್ದ ಮುಖ್ಯ ಸಾಧನವೆಂದರೆ ಎಕ್ಸ್‌ರೇ ಛಾಯಾಚಿತ್ರ. ಆ ಚಿತ್ರದಲ್ಲಿ ಗಂಟು ಕಾಣುವ ಹೊತ್ತಿಗೆ ಕಲಹವು ವರ್ಷಗಟ್ಟಲೆ ನಡೆದುಹೋಗಿರುತ್ತಿದ್ದಿತು. ರೋಗವು ಆರಂಭವಾದುದು ಒಂದು ಹರಳಿಗೂ ಒಂದು ಜೀವಕಣಕ್ಕೂ ನಡೆದ ವ್ಯಾಜ್ಯದಲ್ಲಿ; ವೈದ್ಯನು ಕಂಡುದು ವ್ಯಾಜ್ಯದ ಕೊನೆಯ ತೀರ್ಪನ್ನು. ಆ ಒಂದು ಕಣವನ್ನು ಮೊದಲೇ ಹಿಡಿದು, ಅದು ಬದುಕಿರುವಾಗಲೇ ವಿಚಾರಿಸುವ ಉಪಾಯವು ಆಗ ಯಾರಲ್ಲಿಯೂ ಇರಲಿಲ್ಲ.

ಆ ಉಪಾಯವನ್ನು ಹುಡುಕಹೊರಟವರಿಗೆ ಮೊದಲು ಎದುರಾದುದು ಭೇದದ ಕಿರಿದುತನ. ನೆತ್ತರಿನ ಕೆಂಪುಕಣದ ಅಡ್ಡಳತೆ ಏಳೆಂಟು ಮೈಕ್ರಾನ್. ಬಿಳಿಕಣಗಳಲ್ಲಿ ಬಹು ಪಾಲಿನವು ಅದಕ್ಕಿಂತ ತುಸು ದೊಡ್ಡವು. ತೂಕದಲ್ಲಿ ಕೆಂಪುಕಣವು ನೀರಿನ 1.1 ಪಟ್ಟಿನ ಹತ್ತಿರ, ಬಿಳಿಕಣವು 1.06ರಿಂದ 1.08 ಪಟ್ಟು. ಚಿನ್ನಕ್ಕೂ ಬೆಣಚುಕಲ್ಲಿಗೂ ಏಳು ಪಟ್ಟು ಭೇದವಿದ್ದರೆ ಇಲ್ಲಿ ನೂರರಲ್ಲಿ ಎರಡು ಮೂರರ ಭೇದ. ಎರಡನೆಯದು ವಿರಳತೆ. ಒಂದು ಮಿಲಿಲೀಟರ್ ನೆತ್ತರಿನಲ್ಲಿ ಸುಮಾರು 500 ಕೋಟಿ ಕೆಂಪುಕಣಗಳು. ಕ್ಯಾನ್ಸರ್ ಗಡ್ಡೆಯಿಂದ ಕಳಚಿಕೊಂಡು ಹರಿದುಬರುವ ಕಣಗಳು ಅಷ್ಟು ನೆತ್ತರಿನಲ್ಲಿ ನಾಲ್ಕೈದು ಸಿಕ್ಕಿದರೆ ಹೆಚ್ಚು, ಎಂದರೆ 100 ಕೋಟಿಯಲ್ಲಿ ಒಂದು. ತೂಕದ ಲೆಕ್ಕವೂ ಎಣಿಕೆಯ ಲೆಕ್ಕವೂ ಬೇರೆಬೇರೆಯಾದರೂ, ಊರಿಗಾಮಿನ ಅದಿರಿನಲ್ಲಿ ಚಿನ್ನವು ಎಷ್ಟು ವಿರಳವೋ ಅದಕ್ಕಿಂತ ಹದಿನಾರು ಸಾವಿರ ಪಟ್ಟಿನಷ್ಟು ಇದು ವಿರಳವೆಂದು ಹೇಳಬಹುದು.

ಅತಿ ವಿರಳವಾದುದನ್ನು ಹಿಡಿಯುವ ಕೆಲಸ ಆ ಪ್ರದೇಶಕ್ಕೆ ಅಪರಿಚಿತವಲ್ಲ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಮುಂಬಯಿಯ ಟಾಟಾ ಮೂಲವಿಜ್ಞಾನ ಸಂಸ್ಥೆಯವರು ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳವರೊಡನೆ ಸೇರಿ, ವಾಯುಮಂಡಲದಲ್ಲಿ ಹುಟ್ಟಿ ಬಂದ ನ್ಯೂಟ್ರಿನೋ ಕಣಗಳ ಗುರುತನ್ನು ಹಿಡಿದರು. ಅಲ್ಲಿ ಮೇಲಿನ ಬಂಡೆಯೇ ಜರಡಿಯಾಗಿ ಉಳಿದ ವಿಶ್ವಕಿರಣಗಳನ್ನು ಬಹುಮಟ್ಟಿಗೆ ತಡೆಯಿತು. ಆದರೆ ನ್ಯೂಟ್ರಿನೋವಿಗೂ ಚಿನ್ನದಂತೆಯೇ ಮರಣದ ಭಯವಿಲ್ಲ. ಜೀವಕಣದ ಮೂರನೆಯ ಕಷ್ಟವು ಅದೇ.

ಜೀವಕಣವು ಒಂದು ತೆಳುಪೊರೆಯ ಚೀಲ. ಅದನ್ನು ಶುದ್ಧವಾದ ಬಟ್ಟಿ ಇಳಿಸಿದ ನೀರಿನಲ್ಲಿ ಬಿಟ್ಟರೆ ನೀರನ್ನು ಹೀರಿ ಉಬ್ಬಿ ಒಡೆಯುವುದು. ಉಪ್ಪು ಮಿತಿಮೀರಿದರೆ ನೀರನ್ನು ಕಳೆದುಕೊಂಡು ಮುದುಡುವುದು. ಲೀಟರಿಗೆ 9 ಗ್ರಾಂ ಉಪ್ಪು ಅದಕ್ಕೆ ಹಿತ. ಬಿಸಿ ಹೆಚ್ಚಿದರೆ ಸಾಯುವುದು. ಗಾಜಿನ ಗೋಡೆ ತಗುಲಿದರೆ ಅಂಟಿಕೊಳ್ಳುವುದು. ಅದಕ್ಕಾಗಿ ದ್ರವದಲ್ಲಿ ಸ್ವಲ್ಪ ಸಸಾರಜನಕವನ್ನು ಬೆರೆಸುವರು. ಇಕ್ಕಟ್ಟಾದ ದಾರಿಯಲ್ಲಿ ರಭಸದಿಂದ ನೂಕಿದರೆ ಗೋಡೆಯ ಬಳಿ ನಿಧಾನವಾಗಿಯೂ ನಡುವೆ ವೇಗವಾಗಿಯೂ ಹರಿಯುವ ನೀರು ಅದರ ಪೊರೆಯನ್ನು ಎರಡು ಕಡೆಗೆ ಎಳೆದು ಹರಿಯುವುದು. ಇಷ್ಟಕ್ಕೂ ಮಿಗಿಲಾಗಿ, ಒರಟಾಗಿ ಹಿಡಿದ ಕಣವು ಸಾಯದೆ ಉಳಿದರೂ ಹೆದರಿದ ಸಾಕ್ಷಿಯಂತೆ ತನ್ನ ಸಹಜವಾದ ಮಾತನ್ನು ಬಿಟ್ಟು ಬೇರೆ ಮಾತನ್ನಾಡುವುದು. ಎಂದರೆ ಅದರೊಳಗಿನ ರಾಸಾಯನಿಕ ಕ್ರಿಯೆಗಳು ಬದಲಾಗುವುವು. ಆ ಸಾಕ್ಷ್ಯವನ್ನು ನಂಬಿದ ವೈದ್ಯನು ದಾರಿತಪ್ಪುವನು. ಆದುದರಿಂದ ಇಲ್ಲಿ ಮೃದುತ್ವವೆಂಬುದು ಕೇವಲ ದಯೆಯಲ್ಲ. ಅದು ಸತ್ಯವನ್ನು ತಿಳಿಯುವುದಕ್ಕೆ ಅನಿವಾರ್ಯವಾದ ನಿಯಮವಾಗಿರುವುದು.

ಜೀವಕಣಗಳನ್ನು ಯಂತ್ರದಿಂದ ಎಣಿಸುವುದನ್ನು ಮೊದಲು ಸಾಧಿಸಿದವನು ಅಮೆರಿಕದ ವಾಲೆಸ್ ಕೌಲ್ಟರ್. ಕಣವೊಂದು ಕಿರುರಂಧ್ರವನ್ನು ಹಾಯುವಾಗ ವಿದ್ಯುತ್ಪ್ರವಾಹಕ್ಕೆ ತಡೆಯೊಡ್ಡುವುದೆಂಬುದನ್ನು ಬಳಸಿಕೊಂಡ ಆತನ ಯಂತ್ರಕ್ಕೆ 1953ರಲ್ಲಿ ಪೇಟೆಂಟು ದೊರೆಯಿತು. 1965ರಲ್ಲಿ ಮ್ಯಾಕ್ ಫುಲ್ವೈಲರ್ ಎಂಬಾತನು ಕಣಗಳುಳ್ಳ ದ್ರವವನ್ನು ಹನಿಹನಿಯಾಗಿ ಚಿಮ್ಮಿಸಿ, ಬೇಕಾದ ಹನಿಗೆ ವಿದ್ಯುದಾವೇಶವನ್ನು ಕೊಟ್ಟು ಪಕ್ಕಕ್ಕೆ ಸೆಳೆಯುವ ಯಂತ್ರವನ್ನು ಪ್ರಕಟಿಸಿದನು. ಸ್ಟ್ಯಾನ್‌ಫರ್ಡಿನ ಲಿಯೊನಾರ್ಡ್ ಹರ್ಜೆನ್‌ಬರ್ಗ್ ಮತ್ತು ಆತನ ಸಂಗಡಿಗರು ಕಣಗಳಿಗೆ ಹೊಳೆಯುವ ಬಣ್ಣದ ಗುರುತನ್ನು ಅಂಟಿಸಿ, ಆ ಹೊಳಪಿನ ಮೇಲೆ ವಿಂಗಡಿಸುವುದನ್ನು ಬೆಳೆಸಿದರು. ಈ ಯಂತ್ರಗಳು ಸೆಕೆಂಡಿಗೆ ಸಾವಿರಾರು ಕಣಗಳನ್ನು ವಿಂಗಡಿಸಬಲ್ಲವು. ಭಾರತದಲ್ಲಿ ಎಚ್.ಐ.ವಿ. ಸೋಂಕಿತರಿಗೆ ಔಷಧವನ್ನು ಯಾವಾಗ ಆರಂಭಿಸಬೇಕೆಂಬುದನ್ನು 2017ರ ವರೆಗೆ ಬಹುಮಟ್ಟಿಗೆ ನಿರ್ಧರಿಸುತ್ತಿದ್ದುದು ಇಂಥ ಯಂತ್ರವು ಎಣಿಸಿ ಹೇಳಿದ ಸಿ.ಡಿ. 4 ಎಂಬ ಬಿಳಿಕಣಗಳ ಸಂಖ್ಯೆಯೇ. ಆದರೆ ಒತ್ತಡದಿಂದ ಚಿಮ್ಮಿ ಬರುವ ನಾಜೂಕಾದ ಕಣಗಳಿಗೆ ಇಲ್ಲಿ ಪೆಟ್ಟು ತಪ್ಪದು. ಅವುಗಳಿಗಾಗಿ ಚಿಮ್ಮುವ ಮೂತಿಯನ್ನು ಅಗಲಿಸಿ ಒತ್ತಡವನ್ನು ಇಳಿಸುವರು. ಅಷ್ಟರ ಮಟ್ಟಿಗೆ ವೇಗವು ಕಡಿಮೆಯಾಗುವುದು. ವೇಗಕ್ಕೂ ಮೃದುತ್ವಕ್ಕೂ ಇರುವ ಈ ಹಗ್ಗಜಗ್ಗಾಟವು ಈ ವಿದ್ಯೆಯಲ್ಲಿ ಆದ್ಯಂತವಾಗಿ ಕಂಡುಬರುವುದು.

ಸೂಕ್ಷ್ಮನಾಲೆಯ ಫಲಕವು ಇದಕ್ಕೆ ಬೇರೊಂದು ಉತ್ತರ. ಬೆರಳಗಲದ ಗಾಜಿನ ಮೇಲೆ, ಅಥವಾ 1990ರ ದಶಕದಲ್ಲಿ ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ಮುಂತಾದವರು ಬಳಕೆಗೆ ತಂದ ಸಿಲಿಕೋನ್ ರಬ್ಬರಿನಲ್ಲಿ, ಹತ್ತಾರು ಮೈಕ್ರಾನ್ ಅಗಲದ ಕಾಲುವೆಗಳನ್ನು ಅಚ್ಚೊತ್ತುವರು. ಧೂಳಾಗಿ ಹೊಕ್ಕಾಗ ಶ್ವಾಸಕೋಶವನ್ನು ಕೆಡಿಸುವ ಸಿಲಿಕಾ ವಸ್ತುವೇ ಕರಗಿ ಗಾಜಾದಾಗ ಜೀವಕಣಕ್ಕೆ ಸುಗಮವಾದ ಹಾದಿಯಾಗುವುದು! ಇಂಥ ಕಾಲುವೆಯಲ್ಲಿ ನೀರಿನ ಸ್ವಭಾವವೇ ಬೇರೆ. ಹೊಳೆಯಲ್ಲಿ ಸುಳಿಯುಂಟು, ಕಲಕುಂಟು. ಇಲ್ಲಿ ಸುಳಿಯೇ ಇಲ್ಲ. ಹರಿವು ಯಾವಾಗ ನೆಟ್ಟಗಿರುವುದು, ಯಾವಾಗ ಕಲಕುವುದು ಎಂಬುದನ್ನು 1883ರಲ್ಲಿ ಇಂಗ್ಲೆಂಡಿನ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆಯನ್ನು ಬಿಟ್ಟು ತೋರಿಸಿದನು. ಆತನ ಹೆಸರಿನ ಸಂಖ್ಯೆಯು ಸುಮಾರು 2,000ವನ್ನು ಮೀರಿದರೆ ಕೊಳವೆಯಲ್ಲಿ ಕಲಕು ಹುಟ್ಟುವುದು. 100 ಮೈಕ್ರಾನಿನ ನಾಲೆಯಲ್ಲಿ ಸೆಕೆಂಡಿಗೆ ಒಂದು ಮಿಲಿಮೀಟರ್ ಹರಿಯುವ ನೀರಿಗೆ ಆ ಸಂಖ್ಯೆ 0.1 ಮಾತ್ರ. ಆದುದರಿಂದ ಎರಡು ಧಾರೆಗಳನ್ನು ಜೊತೆಯಾಗಿ ಬಿಟ್ಟರೆ ಒಂದೇ ಕಾಲುವೆಯಲ್ಲಿ ಪಕ್ಕಪಕ್ಕದಲ್ಲಿ ಹರಿಯುವುವು. ಕಣವನ್ನು ಒಂದು ಧಾರೆಯಿಂದ ಪಕ್ಕದ ಧಾರೆಗೆ ಕೂದಲೆಳೆಯಷ್ಟು ಸರಿಸಿದರೆ ಸಾಕು. ಮುಂದಿನ ಕವಲಿನಲ್ಲಿ ಅದು ಬೇರೆ ದಾರಿಯನ್ನು ಹಿಡಿಯುವುದು. ಎತ್ತುವುದೂ ಚಿಮ್ಮಿಸುವುದೂ ಬೇಡ. ಹಾಗೆ ಸರಿಸುವ ಉಪಾಯಗಳೆಲ್ಲ ಮನೆಯ ಮೊರ ಜರಡಿಗಳ ವಂಶಕ್ಕೇ ಸೇರಿದವು.

ಮೊದಲನೆಯದು ಕಂಬಗಳ ಸಾಲು. 2004ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದವರು ಇದನ್ನು ಪ್ರಕಟಿಸಿದರು. ನಾಲೆಯ ತುಂಬ ಸೂಕ್ಷ್ಮವಾದ ಕಂಬಗಳನ್ನು ನಿಲ್ಲಿಸಿ, ಪ್ರತಿಯೊಂದು ಸಾಲನ್ನೂ ಹಿಂದಿನ ಸಾಲಿಗಿಂತ ಸ್ವಲ್ಪ ಓರೆಯಾಗಿ ಸರಿಸಿರುವರು. ಜಾತ್ರೆಯ ದಿನ ಸಾಲುಗಂಬಗಳ ಮಂಟಪದಲ್ಲಿ ಜನರು ನಡೆಯುವುದನ್ನು ನೆನೆದರೆ ಇದರ ರೀತಿ ತಿಳಿಯುವುದು. ಚಿಕ್ಕ ಹುಡುಗನು ಕಂಬಗಳ ಸಂದಿಯಲ್ಲಿ ನುಸುಳಿ ಜನರ ಹರಿವಿನೊಡನೆ ನೆಟ್ಟಗೆ ಹೋಗುವನು. ದೊಡ್ಡ ಗಂಟನ್ನು ಹೊತ್ತವನು ಪ್ರತಿ ಕಂಬಕ್ಕೂ ತುಸು ತಾಗಿ ಪಕ್ಕಕ್ಕೆ ಸರಿದು, ಕಟ್ಟಕಡೆಗೆ ಮಂಟಪದ ಬೇರೆ ಮೂಲೆಯಲ್ಲಿ ಹೊರಬೀಳುವನು. ಇದೂ ಜರಡಿಯೇ, ಆದರೆ ಕಣ್ಣು ಕಟ್ಟಿಕೊಳ್ಳದ ಜರಡಿ.

ಎರಡನೆಯದು ವಿದ್ಯುತ್ತಿನ ಉಪಾಯ. 1966ರಲ್ಲಿ ಅಮೆರಿಕದ ಹರ್ಬರ್ಟ್ ಪೋಲ್ ಎಂಬಾತನು ಹಿಟ್ಟನ್ನು ಹುದುಗಿಸುವ ಯೀಸ್ಟಿನ ಜೀವಂತ ಕಣಗಳನ್ನೂ ಸತ್ತ ಕಣಗಳನ್ನೂ ವಿದ್ಯುತ್ ಕ್ಷೇತ್ರದಿಂದ ಬೇರ್ಪಡಿಸಿ ತೋರಿಸಿದನು. ಬದುಕಿರುವ ಕಣದ ಪೊರೆಯು ವಿದ್ಯುತ್ತನ್ನು ಒಳಕ್ಕೆ ಬಿಡದು. ಸತ್ತ ಕಣದ ಪೊರೆಯು ಸೋರುವುದು. ಕ್ಷೇತ್ರದ ಆಂದೋಲನವನ್ನು ತಕ್ಕಂತೆ ಆರಿಸಿದರೆ ಒಂದು ಹತ್ತಿರಕ್ಕೆ ಬರುವುದು, ಇನ್ನೊಂದು ದೂರ ಸರಿಯುವುದು. ಶಿವನಸಮುದ್ರದ ಸಾವಿರಾರು ವೋಲ್ಟಿನ ವಿದ್ಯುತ್ತು ಗಣಿಯಲ್ಲಿ ಬಂಡೆಯನ್ನು ಅರೆಯಿತು. ಈ ಫಲಕದಲ್ಲಿ ಕೆಲವೇ ವೋಲ್ಟುಗಳು ಜೀವ ಯಾವುದು, ಶವ ಯಾವುದು ಎಂಬುದನ್ನು ಬೇರ್ಪಡಿಸುವುವು.

ಮೂರನೆಯದು ಶಬ್ದ. ಸೆಕೆಂಡಿಗೆ ಹತ್ತು ಲಕ್ಷ ಸಲಕ್ಕೂ ಮಿಗಿಲಾಗಿ ಕಂಪಿಸುವ, ಕಿವಿಗೆ ಕೇಳದ ಶಬ್ದವನ್ನು ನಾಲೆಯ ಅಡ್ಡಕ್ಕೆ ಹಾಯಿಸಿದರೆ ನೀರಿನಲ್ಲಿ ಕೆಲವು ಗೆರೆಗಳು ನಿಶ್ಚಲವಾಗಿರುವುವು. ಕಣಗಳು ಆ ಗೆರೆಯ ಕಡೆಗೆ ಸರಿಯುವುವು. ಎರಡರಷ್ಟು ದಪ್ಪನಾದ ಕಣವು ನಾಲ್ಕರಷ್ಟು ವೇಗದಿಂದ ಸರಿಯುವುದರಿಂದ ದೊಡ್ಡವು ಮೊದಲು ಸೇರುವುವು. ಮೊರವನ್ನು ಒನೆಯುವಾಗ ಕೈಯ ಲಯಕ್ಕೆ ಕಾಳುಗಳು ತಾವಾಗಿಯೇ ಬೇರೆಬೇರೆ ಗುಂಪಾಗುವಂತೆ ಇದು.

ನಾಲ್ಕನೆಯದು ಬೆಳಕಿನ ಚಿಮಟ. ಕೈಯಿಂದ ಆರಿಸುವುದಕ್ಕೆ ಸಮಾನವಾದುದು. ಅಮೆರಿಕದ ಬೆಲ್ ಪ್ರಯೋಗಾಲಯದ ಆರ್ಥರ್ ಆಶ್ಕಿನ್ ಒಂದೇ ಲೇಸರ್ ಕಿರಣವನ್ನು ಬಿಂದುವಾಗಿ ಕೂಡಿಸಿ, ಆ ಬಿಂದುವಿನಲ್ಲಿ ಸೂಕ್ಷ್ಮಕಣವನ್ನು ಹಿಡಿದು ನಿಲ್ಲಿಸಬಹುದೆಂದು 1986ರಲ್ಲಿ ತನ್ನ ಸಂಗಡಿಗರೊಡನೆ ತೋರಿಸಿದನು. ಮರುವರ್ಷ ಬ್ಯಾಕ್ಟೀರಿಯಾಗಳನ್ನು ಹಸಿರು ಬೆಳಕಿನಲ್ಲಿ ಹಿಡಿದಾಗ ಅವು ಬೆಳಕಿನ ತಾಪಕ್ಕೆ ಸತ್ತವು. ಆತನು ಹಿಡಿತವನ್ನು ಬಿಡಲಿಲ್ಲ, ಬೆಳಕನ್ನು ಬದಲಾಯಿಸಿದನು. ಜೀವಕಣಗಳು ಅಷ್ಟಾಗಿ ಹೀರದ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಉಪಯೋಗಿಸಲು, ಹಿಡಿದ ಜೀವಿಗಳು ಬದುಕಿದುದಲ್ಲದೆ ಹಿಡಿತದಲ್ಲಿದ್ದುಕೊಂಡೇ ವಂಶವನ್ನೂ ಬೆಳೆಸಿದವು. 2018ರಲ್ಲಿ ಆತನಿಗೆ ನೊಬೆಲ್ ಬಹುಮಾನವು ಸಂದಿತು. ಈ ಶಾಸ್ತ್ರದ ಸಾರವೆಲ್ಲ ಆ ಒಂದು ಬದಲಾವಣೆಯಲ್ಲಿ ಅಡಗಿರುವುದೆಂದರೂ ಸಲ್ಲುವುದು.

ಇನ್ನು ಇವುಗಳಿಂದಾಗುವ ಉಪಯೋಗವೇನೆಂದು ಕೇಳಬಹುದು. 2007ರಲ್ಲಿ ಬಾಸ್ಟನ್ ನಗರದ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ವಿಜ್ಞಾನಿಗಳು 78,000 ಸೂಕ್ಷ್ಮಸ್ತಂಭಗಳುಳ್ಳ ಫಲಕವನ್ನು ಮಾಡಿ, ಕ್ಯಾನ್ಸರ್ ಕಣಗಳನ್ನು ಗುರುತಿಸಿ ಅಂಟಿಸಿಕೊಳ್ಳುವ ಲೇಪವನ್ನು ಆ ಸ್ತಂಭಗಳಿಗೆ ಹಚ್ಚಿ, ರೋಗಿಯ ನೆತ್ತರನ್ನು ನಿಧಾನವಾಗಿ ಹಾಯಿಸಿ, ಅತಿ ವಿರಳವಾದ ಆ ಕಣಗಳನ್ನು ಹಿಡಿದರು. ಊರಿಗಾಮಿನಲ್ಲಿ ಪಾದರಸದ ತಗಡು ಚಿನ್ನಕ್ಕೆ ಮಾಡುತ್ತಿದ್ದುದನ್ನು ಇದು ಜೀವಕಣಕ್ಕೆ ಮಾಡಿತು. ಹಿಡಿದ ಕಣಗಳಲ್ಲಿ ಬಹು ಪಾಲು ಬದುಕಿದ್ದವು. 2015ರಲ್ಲಿ ಹಾರ್ವರ್ಡಿನ ಎರಡು ತಂಡಗಳು ಎಣ್ಣೆಯಲ್ಲಿ ತೇಲುವ ನೀರಿನ ಹನಿಗಳಲ್ಲಿ ಒಂದೊಂದು ಕಣವನ್ನು ಕೂಡಿಸಿ, ಸಾವಿರಾರು ಕಣಗಳೊಳಗಿನ ವೃತ್ತಾಂತವನ್ನು ಪ್ರತ್ಯೇಕವಾಗಿ ಓದುವ ಕ್ರಮವನ್ನು ಪ್ರಕಟಿಸಿದವು. ಒಂದು ಊರಿನ ಜನರ ಸರಾಸರಿ ವಯಸ್ಸನ್ನು ತಿಳಿದವನಿಗೆ ಆ ಊರಿನಲ್ಲಿ ತೊಟ್ಟಿಲಿದೆಯೋ ಇಲ್ಲವೋ ತಿಳಿಯದು. ಮನೆಮನೆಯನ್ನೂ ಹೊಕ್ಕವನಿಗೆ ತಿಳಿಯುವುದು. ಹಾಗೆಯೇ ಇದು.

ಈ ವಿದ್ಯೆಯು ದೂರದೇಶಗಳಲ್ಲಿ ಮಾತ್ರ ಇರುವುದೆಂದು ತಿಳಿಯಬೇಕಾದುದಿಲ್ಲ. ಗಣಿಗಳು ಮುಚ್ಚಿದ ತರುವಾಯ ಊರಿಗಾಂ ಚಾಂಪಿಯನ್ ಮಾರಿಕುಪ್ಪಗಳಿಂದ ಸಾವಿರಾರು ಮಂದಿ ಬೆಳಗಾಗುವ ಮೊದಲೇ ರೈಲು ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಹಿಂದಿರುಗುವುದು ವಾಡಿಕೆಯಾಯಿತು. ಅದೇ ದಾರಿಯ ಕೊನೆಯಲ್ಲಿರುವ ಬೆಂಗಳೂರಿನಲ್ಲಿಯೇ ಈ ಕೆಲಸವು ನಡೆಯುತ್ತಿರುವುದು. 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾಯಿ ಶಿವ ಗೊರ್ತಿಯವರೂ ಅವರ ತಂಡದವರೂ ಸೂಕ್ಷ್ಮನಾಲೆಯಲ್ಲಿ ಹರಿಯುವ ರಕ್ತಕಣಗಳನ್ನು ಹರಿಯುತ್ತಿರುವಂತೆಯೇ ಸೂಕ್ಷ್ಮದರ್ಶಕದಿಂದ ಚಿತ್ರಿಸಿ, ಮಲೇರಿಯಾ ಮೊದಲಾದ ರೋಗಗಳನ್ನು ಗುರುತಿಸುವ ಸಾಧನಗಳ ವಿಷಯದಲ್ಲಿ ಕೆಲಸ ಮಾಡಿರುವರು. ಮಲೇರಿಯಾ ಕ್ರಿಮಿ ಹೊಕ್ಕ ಕೆಂಪುಕಣವು ತನ್ನ ಸಹಜವಾದ ಬಳುಕನ್ನು ಕಳೆದುಕೊಂಡು ಬಿರುಸಾಗುವುದು. ಇಕ್ಕಟ್ಟಾದ ನಾಲೆಯಲ್ಲಿ ಆ ಬಿರುಸುತನವೇ ಅದನ್ನು ಹಿಡಿದುಕೊಡುವುದು. ಸರ್ ಸಿ. ವಿ. ರಾಮನ್ ಅವರು 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಕೆಂಪುಕಣಗಳನ್ನು ಒಂದೊಂದಾಗಿ ಸೂಕ್ಷ್ಮರಂಧ್ರದ ಮೂಲಕ ಹಾಯಿಸಿ, ಮದ್ಯಸಾರದ ಸಂಪರ್ಕದಿಂದ ಅವುಗಳ ಗಾತ್ರದಲ್ಲಾಗುವ ಅತ್ಯಲ್ಪವಾದ ವ್ಯತ್ಯಾಸವನ್ನು ಅಳೆದು 2022ರಲ್ಲಿ ಪ್ರಕಟಿಸಿದರು. ಅದಕ್ಕೆ ಆಧಾರವಾದುದು ಕೌಲ್ಟರನ ಹಳೆಯ ತತ್ವವೇ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಜೀವಕಣಗಳನ್ನು ವಿಂಗಡಿಸುವ ದೊಡ್ಡ ಯಂತ್ರಗಳಿದ್ದು, ಹೊರಗಿನ ಸಂಶೋಧಕರಿಗೂ ಅವು ದೊರೆಯುವುವು.

ಇನ್ನು ಗಣಿಕೆಲಸಗಾರನ ಎದೆಯ ಮಾತು. ಇಂದಿನ ವೈದ್ಯರು ಸಪುರವಾದ ಕೊಳವೆಯನ್ನು ಶ್ವಾಸನಾಳದಲ್ಲಿ ಇಳಿಸಿ, ಉಪ್ಪುನೀರನ್ನು ಶ್ವಾಸಕೋಶದ ಒಂದು ಭಾಗಕ್ಕೆ ಬಿಟ್ಟು ಹಿಂದಕ್ಕೆ ತೆಗೆಯಬಲ್ಲರು. ಆ ನೀರಿನಲ್ಲಿ ಗಾಳಿಗೂಡಿನ ಕಾವಲು ಕಣಗಳು ಜೀವಂತವಾಗಿ ಬರುವುವು. ಹಳ್ಳಿಗರು ಊರಿಗಾಮಿನ ಮಣ್ಣನ್ನು ಜಾಲಿಸಿದರೆ ವೈದ್ಯರು ಎದೆಯನ್ನೇ ಜಾಲಿಸಿದಂತಾಯಿತು. ಹೀಗೆ ಬಂದ ಕಣಗಳನ್ನು ವಿಂಗಡಿಸಿ, ಯಾವುದು ಕೆರಳಿರುವುದು, ಯಾವುದು ಸಾಯುತ್ತಿರುವುದು, ಯಾವುದು ಕಲೆಗಟ್ಟುವ ಕ್ರಿಯೆಯನ್ನು ಪ್ರಚೋದಿಸುತ್ತಿರುವುದು ಎಂಬುದನ್ನು ಬೇರೆಬೇರೆಯಾಗಿ ತಿಳಿಯಲು ಸಾಧ್ಯವಾಗಿರುವುದು.

ಆದರೆ ಇಲ್ಲಿ ಭ್ರಾಂತಿಗೆ ಎಡೆಗೊಡಬಾರದು. ಸಿಲಿಕೋಸಿಸ್ ರೋಗವನ್ನು ಗುಣಪಡಿಸುವ ಔಷಧವು ಇಂದಿಗೂ ಇಲ್ಲ. ಕಣವನ್ನು ಹಿಡಿದು ನೋಡಿದ ಮಾತ್ರಕ್ಕೆ ಕಲೆಗಟ್ಟಿದ ಶ್ವಾಸಕೋಶವು ಮೊದಲಿನಂತಾಗದು. ಕೊರೆಯುವಾಗ ನೀರು ಬಿಡುವುದು, ಗಾಳಿಯಾಡುವಂತೆ ಮಾಡುವುದು, ಧೂಳನ್ನು ಹುಟ್ಟಿದಲ್ಲಿಯೇ ಅಡಗಿಸುವುದು, ಇವೇ ಇಂದಿಗೂ ಮುಖ್ಯವಾದ ರಕ್ಷೆ. ಕಲ್ಲುಕ್ವಾರಿಗಳಲ್ಲಿ, ಕಲ್ಲು ಪುಡಿಮಾಡುವ ಕ್ರಷರುಗಳಲ್ಲಿ, ಗ್ರಾನೈಟು ಕೊಯ್ಯುವ ಕಾರ್ಖಾನೆಗಳಲ್ಲಿ ಈಗಲೂ ದುಡಿಯುವವರಿಗೆ ಒಂದು ಫಲಕಕ್ಕಿಂತ ಒಂದು ಬಿಂದಿಗೆ ನೀರು ಹೆಚ್ಚಿನ ಉಪಕಾರವನ್ನು ಮಾಡುವುದು. ಹೊಸ ವಿದ್ಯೆಯು ಮಾಡಬಲ್ಲುದು ಇಷ್ಟು: ಎಕ್ಸ್‌ರೇಯಲ್ಲಿ ನೆರಳು ಬೀಳುವ ಮೊದಲೇ ಕೆಡುಕಿನ ಸುಳಿವನ್ನು ಹುಡುಕುವುದಕ್ಕೆ ದಾರಿ ತೋರುವುದು, ಔಷಧವನ್ನು ಅರಸುವವರಿಗೆ ರೋಗದ ಮೂಲವನ್ನು ತೋರುವುದು. ಇನ್ನೂ ಒಂದು ಅಡ್ಡಿಯುಂಟು. ಫಲಕವು ಬೆರಳಗಲವಾದರೂ ಅದನ್ನು ನಡೆಯಿಸುವ ಪಂಪು ಲೇಸರ್ ಕ್ಯಾಮೆರಾಗಳು ಒಂದು ಮೇಜನ್ನು ತುಂಬುವುವು. ಪ್ರಯೋಗಾಲಯದಲ್ಲಿ ಸಾಧಿಸಿದುದು ತಾಲ್ಲೂಕು ಆಸ್ಪತ್ರೆಯ ಬಿಸಿಲಿಗೂ ಧೂಳಿಗೂ ಕರೆಂಟು ಹೋಗುವುದಕ್ಕೂ ತಾಳಬೇಕಾದರೆ ಬಹಳ ಕೆಲಸ ಉಳಿದಿರುವುದು.

ಗಣಿಯ ಲೆಕ್ಕಪತ್ರಗಳಿಗೆ ಸರಾಸರಿ ಸಾಕಾಗಿದ್ದಿತು: ಟನ್ನಿಗೆ ಇಷ್ಟು ಗ್ರಾಂ, ನೂರಕ್ಕೆ ಇಷ್ಟು ಮಂದಿ ರೋಗಿಗಳು. ಜೀವಕ್ಕೆ ಸರಾಸರಿ ಸಾಲದು. ರೋಗವು ಮೊದಲಾಗುವುದು ಒಂದು ಕಣದಲ್ಲಿ. ಉಸಿರು ಕಟ್ಟುವುದು ಒಬ್ಬ ಮನುಷ್ಯನಿಗೆ. ಸಾವಿರ ಕೋಟಿಯ ನಡುವೆ ಒಂದನ್ನು ಗುರುತಿಸಿ, ಅದಕ್ಕೆ ನೋವಾಗದಂತೆ ಪಕ್ಕಕ್ಕೆ ಕರೆದು ವಿಚಾರಿಸುವ ತಾಳ್ಮೆಯನ್ನು ವಿಜ್ಞಾನವು ಈಗ ಕಲಿಯುತ್ತಿರುವುದು. ಈ ತಾಳ್ಮೆಯು ದೊಡ್ಡ ಯಂತ್ರಗಳಿಗಿಂತ ಮೊದಲು ಕೈಗೂ ಕಣ್ಣಿಗೂ ಬರಬೇಕಾದುದು. ಅಕ್ಕಿಯನ್ನು ಜಾಲಿಸಿ ಆರಿಸುವ ಮನೆಗಳಲ್ಲಿ ಬೆಳೆದ ಹುಡುಗಿಯರಿಗೂ ಹುಡುಗರಿಗೂ ಅದು ಹೊಸದಲ್ಲ. ಕೋಲಾರದ ಸೀಮೆಯ ವಿದ್ಯಾರ್ಥಿಗಳು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಬೇರೆಬೇರೆ ಕೋಣೆಗಳೆಂದು ತಿಳಿಯದೆ ಮೂರನ್ನೂ ಕೂಡಿಸಿ ಕಲಿತು, ತಮ್ಮ ಹಿರಿಯರ ಎದೆಯನ್ನು ಕೆಡಿಸಿದ ಆ ಕಿರಿಯ ಕಣದ ರಹಸ್ಯವನ್ನು ತಾವೇ ಬಿಡಿಸುವಂತಾಗಲೆಂದು ಹಾರೈಸಿ ಈ ಉಪನ್ಯಾಸವನ್ನು ಮುಗಿಸಲಾಗಿದೆ.